ಸಾಕ್ಷಿ ಹೇಳುವದಕ್ಕೆ ಧೈರ್ಯ: ಯೋಹಾನನ ಸುವಾರ್ತೆ 9ನೆಯ ಅಧ್ಯಾಯದ ಪಾಠ



ಗದಗ ಬೆಟಗೇರಿಯ ಸುತ್ತಲಿನ ಹಳ್ಳಿಗಳಲ್ಲಿ ಕೂಡಿಬರುವ ಸಣ್ಣ ಸಣ್ಣ ಸಭೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಬರುತ್ತದೆ. ನಮಗೆ ನಂಬಿಕೆಯುಂಟು, ಮನೆಯಲ್ಲಿ ಪ್ರಾರ್ಥನೆಯುಂಟು, ಆದರೆ ನೆರೆಯವರ ಮುಂದೆ ಬಾಯಿ ಏಳುವದಿಲ್ಲ ಎಂಬದೇ ಆ ಮಾತು. ಹೀಗೆ ಹೇಳುವವರನ್ನು ನಂಬಿಕೆಯಲ್ಲಿ ಬಲಹೀನರೆಂದು ನಾವು ಎಣಿಸುವದಿಲ್ಲ. ಪಟ್ಟಣದಲ್ಲಿ ಮಾತಾಡಿ ತನ್ನ ಓಣಿಗೆ ತಿರುಗಿ ಹೋಗಿಬಿಡುವವನ ಸ್ಥಿತಿ ಬೇರೆ, ಹಿರೇಹಂದಿಗೋಳದಂಥ ಊರಲ್ಲಿ ಒಂದೋ ಎರಡೋ ಮನೆಯಾಗಿ ವಾಸಿಸುವ ವಿಶ್ವಾಸಿಯ ಸ್ಥಿತಿ ಬೇರೆ. ಈತನು ಇಂದು ಆಡಿದ ಮಾತನ್ನು ನಾಳೆ ಬಾವಿಯ ಬಳಿಯಲ್ಲಿಯೂ ಕಣದಲ್ಲಿಯೂ ಹಿಟ್ಟಿನ ಗಿರಣಿಯಲ್ಲಿಯೂ ಎದುರುಗೊಳ್ಳಬೇಕು. ಸುಗ್ಗಿಯ ಕೂಲಿಗೆ ಕರೆಯುವವನೂ ಅವಸರಕ್ಕೆ ಎತ್ತು ಕೊಡುವವನೂ ಮಗಳ ಬಾಣಂತನದಲ್ಲಿ ಅರ್ಧರಾತ್ರಿ ಎದ್ದು ಬರುವವಳೂ ಅದೇ ನೆರೆಯವರಲ್ಲವೋ? ಅವರ ಮನಸ್ಸು ಮುರಿದೀತೆಂಬ ಭಯವು ಹೇಡಿತನವೇ ಸರಿ ಎಂದು ದೂರದಲ್ಲಿ ಕೂತು ಹೇಳುವದು ಸುಲಭ.

ಆದಾಗ್ಯೂ ಈ ಭಯವನ್ನು ಹಾಗೆಯೇ ಬಿಟ್ಟರೆ ನಂಬಿಕೆಯು ಗೋಡೆಗಳೊಳಗೆ ಮುಚ್ಚಿಟ್ಟ ದೀಪವಾಗುತ್ತದೆ, ಮಕ್ಕಳಿಗೂ ಅದರ ಬೆಳಕು ಕಾಣದೆ ಹೋಗುತ್ತದೆ. ಆದದರಿಂದ ಧೈರ್ಯವು ಎಲ್ಲಿಂದ ಬರುತ್ತದೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ. ಹೆಚ್ಚು ಓದಿನಿಂದಲೋ, ವಾದದ ಚಾತುರ್ಯದಿಂದಲೋ, ಜನಬಲದಿಂದಲೋ? ಇವುಗಳಲ್ಲಿ ಯಾವದೂ ಇಲ್ಲದ ಒಬ್ಬ ಭಿಕ್ಷುಕನು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ನಮಗೆ ಗುರುವಾಗಿ ನಿಂತಿದ್ದಾನೆ.

ಇವನು ಹುಟ್ಟುಕುರುಡನು. ಕರ್ತನು ಮಣ್ಣನ್ನು ಕೆಸರು ಮಾಡಿ ಅವನ ಕಣ್ಣಿಗೆ ಹಚ್ಚಿ ಸಿಲೋವ ಕೊಳಕ್ಕೆ ಕಳುಹಿಸಿದನು. ಅವನು ಹೋಗಿ ತೊಳೆದುಕೊಂಡು ಕಣ್ಣುಳ್ಳವನಾಗಿ ಬಂದನು. ಇನ್ನು ಮುಂದೆ ನಡೆದದ್ದನ್ನು ಗಮನವಿಟ್ಟು ನೋಡಿರಿ. ಅವನು ಯಾರನ್ನೂ ಕೂಡಿಸಿ ಪ್ರಸಂಗ ಮಾಡಲಿಲ್ಲ. ಮೊದಲು ಮಾತಾಡಿದವರು ನೆರೆಯವರೇ. ಭಿಕ್ಷೆಗೆ ಕೂತಿದ್ದವನು ಇವನೇ ಎಂದು ಕೆಲವರು, ಅಲ್ಲ, ಅವನ ಹಾಗೆ ಕಾಣುವ ಇನ್ನೊಬ್ಬನು ಎಂದು ಬೇರೆ ಕೆಲವರು. ನಾನೇ ಅವನು ಎಂಬದು ಅವನ ಮೊದಲನೆಯ ಸಾಕ್ಷಿ. ಇದಕ್ಕೆ ಯಾವ ಪಾಂಡಿತ್ಯ ಬೇಕು? ಹಳೆಯ ದಿನಗಳನ್ನು ಬಲ್ಲ ಜನರ ಮುಂದೆ, ನಾನು ಮುಂಚೆ ಹೀಗಿದ್ದೆನು, ಈಗ ಹೀಗಿದ್ದೇನೆ ಎಂದು ಒಪ್ಪಿಕೊಳ್ಳುವದು ಅಷ್ಟೇ. ಪರಊರಲ್ಲಿ ಈ ಸಾಕ್ಷಿಗೆ ಬೆಲೆಯೇ ಇಲ್ಲ, ಯಾಕಂದರೆ ಅಲ್ಲಿಯವರಿಗೆ ನಮ್ಮ ಹಳೆಯ ಕುರುಡುತನ ಗೊತ್ತಿಲ್ಲ. ಹಳ್ಳಿಯಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರೆಂಬದೇ ನಮ್ಮ ಭಯಕ್ಕೆ ಕಾರಣವಾಗಿತ್ತು. ನಮ್ಮ ಮಾತಿಗೆ ಬಲ ಬರುವದು ಕೂಡ ಅದರಿಂದಲೇ.

ಆಮೇಲೆ ಜನರು ಹೇಗಾಯಿತೆಂದು ಕೇಳಿದರು. ಯೇಸುವೆಂಬ ಮನುಷ್ಯನು ಇಂಥಿಂಥದ್ದನ್ನು ಮಾಡಿದನು ಎಂದನು. ಆತನು ಎಲ್ಲಿದ್ದಾನೆಂದು ಕೇಳಿದಾಗ ತನಗೆ ತಿಳಿಯದೆಂದನು. ಸಾಕ್ಷಿ ಹೇಳುವದಕ್ಕೆ ಹೆದರುವವರು ಈ ಉತ್ತರವನ್ನು ಮನಸ್ಸಿನಲ್ಲಿ ಬರೆದುಕೊಳ್ಳಬೇಕು. ಅನೇಕರು ಬಾಯಿ ಮುಚ್ಚುವದು ತಿಳಿಯದ ಪ್ರಶ್ನೆ ಬಂದೀತೆಂಬ ಅಂಜಿಕೆಯಿಂದಲೇ. ಲೋಕದಲ್ಲಿ ದುಃಖವು ಯಾಕೆ, ಸತ್ತ ಹಿರಿಯರ ಗತಿಯೇನು, ಒಬ್ಬನೇ ದೇವರಾದರೆ ತಂದೆ, ಮಗ, ಪವಿತ್ರಾತ್ಮ ಎಂದು ಯಾಕೆ ಹೇಳುತ್ತೀರಿ ಎಂದು ಯಾರಾದರೂ ಕೇಳಿದರೆ ಏನು ಮಾಡುವದು? ತಿಳಿದಷ್ಟು ಹೇಳಿ ಉಳಿದದ್ದು ತಿಳಿಯದೆಂದು ಹೇಳುವದು. ಸೆಮಿನರಿಯಲ್ಲಿ ವರುಷಗಟ್ಟಲೆ ಓದಿದ ನಮ್ಮಂಥ ಉಪದೇಶಿಗಳಿಗೂ ಈ ಉತ್ತರವಿಲ್ಲದೆ ನಡೆಯುವದಿಲ್ಲ. ತಿಳಿಯದ್ದನ್ನು ತಿಳಿದವರ ಹಾಗೆ ಆಡುವವನ ಮಾತು ಹಳ್ಳಿಯ ಜನರಿಗೆ ಕೂಡಲೇ ಗೊತ್ತಾಗುತ್ತದೆ. ತಿಳಿಯದು ಎಂದವನ ಉಳಿದ ಮಾತನ್ನು ಅವರು ನಂಬುತ್ತಾರೆ.

ಫರಿಸಾಯರು ವಿಚಾರಣೆಗೆ ಕರೆದಾಗ ಅವನು ಒಂದು ಹೆಜ್ಜೆ ಮುಂದೆ ಹೋಗಿ ಆತನು ಪ್ರವಾದಿಯೆಂದನು. ಎರಡನೆಯ ಸಾರಿ ಕರೆದು ಗದರಿಸಿದಾಗ, ತನಗೆ ಗೊತ್ತಿರುವ ಒಂದೇ ಸಂಗತಿಯನ್ನು, ಅಂದರೆ ಕುರುಡನಾಗಿದ್ದ ತಾನು ಈಗ ನೋಡುತ್ತಿರುವದನ್ನು, ಬಿಡದೆ ಹಿಡಿದುಕೊಂಡನು. ಆತನು ದೇವರ ಕಡೆಯಿಂದ ಬಂದವನಲ್ಲದಿದ್ದರೆ ಇಂಥ ಕಾರ್ಯ ನಡೆಯುತ್ತಿರಲಿಲ್ಲವೆಂದು ಕಡೆಗೆ ಅವರಿಗೇ ಉಪದೇಶ ಮಾಡಿದನು. ಅವರು ಅವನನ್ನು ಹೊರಗೆ ಹಾಕಿದರು. ಆಗ ಕರ್ತನು ತಾನಾಗಿ ಅವನನ್ನು ಹುಡುಕಿ ಕಂಡುಕೊಂಡು ತನ್ನನ್ನು ತಿಳಿಯಪಡಿಸಿದನು, ಅವನು ನಂಬಿ ಅಡ್ಡಬಿದ್ದನು. ಬೆಳಿಗ್ಗೆ ಅವನ ಬಾಯಲ್ಲಿದ್ದದ್ದು ಬರೇ ಒಂದು ಹೆಸರು. ಹೇಳುತ್ತಾ ಹೇಳುತ್ತಾ ಅವನಿಗೇ ತಿಳುವಳಿಕೆ ಬೆಳೆಯಿತು. ನಾವಾದರೋ ಪೂರ್ಣ ತಿಳುವಳಿಕೆ ಬರಲಿ, ಆಮೇಲೆ ಹೇಳೋಣವೆಂದು ಕಾಯುತ್ತೇವೆ. ಬೀಜವನ್ನು ಹಗೇವಿನಲ್ಲಿಟ್ಟುಕೊಂಡು ಬೆಳೆ ಬರಲೆಂದು ಕಾಯುವ ಒಕ್ಕಲಿಗನುಂಟೋ?

ಇದೇ ಅಧ್ಯಾಯದಲ್ಲಿ ಇನ್ನಿಬ್ಬರಿದ್ದಾರೆ. ಅವರನ್ನು ನಾವು ಸಾಮಾನ್ಯವಾಗಿ ಬೇಗನೆ ದಾಟಿ ಹೋಗುತ್ತೇವೆ. ಅವನ ತಂದೆತಾಯಿಗಳು, ಇವನು ನಮ್ಮ ಮಗನು, ಕುರುಡನಾಗಿ ಹುಟ್ಟಿದನು ಎಂಬಷ್ಟನ್ನು ಒಪ್ಪಿ, ಉಳಿದದ್ದನ್ನು ಅವನಿಂದಲೇ ಕೇಳಿರಿ, ಅವನು ಪ್ರಾಯದವನು ಎಂದು ಜಾರಿಕೊಂಡರು. ಯೇಸುವನ್ನು ಕ್ರಿಸ್ತನೆಂದು ಒಪ್ಪಿದವರನ್ನು ಸಭಾಮಂದಿರದಿಂದ ಹೊರಗೆ ಹಾಕಬೇಕೆಂದು ಮುಂಚೆಯೇ ಗೊತ್ತುಮಾಡಿದ್ದರಿಂದ ಅವರು ಅಂಜಿದರೆಂದು ಸುವಾರ್ತಿಕನು ಬರೆದಿದ್ದಾನೆ. ಬಹಿಷ್ಕಾರವೆಂದರೆ ಏನೆಂಬದು ನಮ್ಮ ಸೀಮೆಯ ಜನರಿಗೆ ವಿವರಿಸಬೇಕಾಗಿಲ್ಲ. ಅದರಿಂದ ನೀರು, ಬೆಂಕಿ, ಕೂಲಿ, ಹೆಣ್ಣು ಕೊಟ್ಟು ತರುವ ಸಂಬಂಧ ಎಲ್ಲವೂ ಕಡಿಯುತ್ತವೆ. ಆ ತಂದೆತಾಯಿಗಳನ್ನು ಸತ್ಯವೇದವು ಬೈಯದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಮುಂದೆ ಹೋಗುತ್ತದೆಂಬದನ್ನು ನಾವು ನೆನಸಬೇಕು. ನಮ್ಮ ಸಭೆಗಳಲ್ಲಿ ಇಂಥ ಅಂಜುಬುರುಕರಿದ್ದರೆ ಅವರನ್ನು ಕೂಟದಲ್ಲಿ ನಿಲ್ಲಿಸಿ ನಾಚಿಸುವದು ಸಲ್ಲದು. ನಾಚಿಕೆಯಿಂದ ಯಾರಿಗೂ ಧೈರ್ಯ ಬಂದದ್ದಿಲ್ಲ.

ಜನಬಲದ ಮೇಲೆ ಧೈರ್ಯವನ್ನು ಕಟ್ಟುವದರ ವಿಷಯವಾಗಿ ನಮ್ಮ ಸೀಮೆಯಲ್ಲಿಯೇ ಒಂದು ಹಳೆಯ ದೃಷ್ಟಾಂತವಿದೆ. ಬಾಸೆಲ್ ಮಿಶನಿನ ಮೊದಲನೆಯ ಮೂವರು ದೈವಸೇವಕರಾದ ಹೇಬಿಕ್, ಲೇನರ್, ಗ್ರೈನರ್ ಎಂಬವರು 1834ರಲ್ಲಿ ಪಡುವಣ ಕರಾವಳಿಯಲ್ಲಿಳಿದು ಮಂಗಳೂರಿನಲ್ಲಿ ಕೆಲಸವನ್ನು ಹೂಡಿದರು. ಅದು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಬೆಟಗೇರಿಗೂ ಬಂತು. ಆ ಕಾಲದಲ್ಲಿ ಕಾಲಜ್ಞಾನದ ವಾಕ್ಯಗಳನ್ನು ನಂಬಿದ ಒಂದು ಪಂಗಡದವರು ಮಿಶನರಿಗಳ ಬಳಿಗೆ ಬಂದು, ತಮ್ಮ ಶಾಸ್ತ್ರದಲ್ಲಿ ಹೇಳಿದ ಕಾಲವು ಒದಗಿತೆಂಬ ಭಾವದಿಂದ ಮಾತಾಡಿದರು. ಜನರು ಗುಂಪುಗುಂಪಾಗಿ ಬರುವರೆಂಬ ದೊಡ್ಡ ನಿರೀಕ್ಷೆ ಹುಟ್ಟಿತು. ಅಂಥವರು ಒಕ್ಕಲುತನ ಮಾಡಿಕೊಂಡು ಒಟ್ಟಿಗಿರಲೆಂದು ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ 1841ರಲ್ಲಿ ಒಂದು ವಸತಿಯನ್ನೂ ಏರ್ಪಡಿಸಿದರು. ಆದರೆ ನಿರೀಕ್ಷಿಸಿದ ಗುಂಪು ಬರಲಿಲ್ಲ, ವಸತಿಯೂ ಬೆಳೆಯಲಿಲ್ಲ. ಬೆಟಗೇರಿಯಲ್ಲಿ ಸಭೆ ಬೇರೂರಿದ್ದು ಒಂದೊಂದೇ ಮನೆಯಾಗಿ, ನಿಧಾನವಾಗಿ, ಶಾಲೆ, ಪ್ರಾರ್ಥನೆ, ರೋಗಿಗಳ ಶುಶ್ರೂಷೆ ಇವುಗಳ ನಡುವೆ. ಆ ಹಿರಿಯರ ಉತ್ಸಾಹವನ್ನು ಹಳಿಯುವದಕ್ಕೆ ಇದನ್ನು ಬರೆಯುವದಿಲ್ಲ. ಆದರೆ ಎಷ್ಟು ಜನರು ಬಂದಾರು ಎಂದು ಎಣಿಸುತ್ತಾ ಹೊರಡುವವನ ಧೈರ್ಯವು ಮೊದಲನೆಯ ಖಾಲಿ ಕೂಟದಲ್ಲಿಯೇ ಬತ್ತಿ ಹೋಗುತ್ತದೆ. ಸಿಲೋವದಿಂದ ಬಂದವನು ಎಷ್ಟು ಜನರನ್ನು ಒಪ್ಪಿಸಿದನೆಂದು ಕೇಳಿದರೆ, ಆ ಅಧ್ಯಾಯದಲ್ಲಿ ಒಬ್ಬರ ಹೆಸರೂ ಇಲ್ಲ.

ಎಲ್ಲರೂ ಹೇಬಿಕ್ ಅಯ್ಯನವರ ಹಾಗಾಗಬೇಕೆಂಬ ನಿಯಮವೂ ಇಲ್ಲ. ಆತನು ಉದ್ದ ಗಡ್ಡದವನಾಗಿ ಜಾತ್ರೆಗಳ ಗದ್ದಲದ ನಡುವೆ ನಿಂತು ಪ್ರಸಂಗ ಮಾಡುತ್ತಿದ್ದನು, ಕಲ್ಲುಮಣ್ಣಿಗೆ ಜಗ್ಗುವ ಮನುಷ್ಯನಲ್ಲ. ಅಂಥ ವರವು ಕೆಲವರಿಗಿರುತ್ತದೆ. ಅದೇ ಮಿಶನಿಗೆ 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲರ ದಾರಿ ಬೇರೆ. ಈ ನಾಡಿನವರು ಹೇಗೆ ಮಾತಾಡುತ್ತಾರೆ, ಹೇಗೆ ಹಾಡುತ್ತಾರೆ ಎಂಬದನ್ನು ಮೊದಲು ಕಲಿಯಬೇಕೆಂದು ಆತನು ಪಂಡಿತರ ಬಳಿಯಲ್ಲಿ ಕೂತನು. ಯೇಸುಸ್ವಾಮಿಯ ಚರಿತ್ರೆಯನ್ನು ಕನ್ನಡದ ದೇಶೀಯ ಛಂದಸ್ಸುಗಳಲ್ಲಿ ಕಟ್ಟಿ 1862ರಲ್ಲಿ ಕಥಾಮಾಲೆಯೆಂಬ ಹೆಸರಿನಿಂದ ಪ್ರಕಟಿಸಿದನು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ತನ್ನ ದೊಡ್ಡ ನಿಘಂಟನ್ನು 1894ರಲ್ಲಿಯೂ ಮುದ್ರಿಸಿದನು. ಎಪ್ಪತ್ತು ಸಾವಿರದಷ್ಟು ಶಬ್ದಗಳನ್ನು ಕೂಡಿಸುವದಕ್ಕೆ ಆತನು ಎಷ್ಟು ಜನರ ಮಾತನ್ನು ಸುಮ್ಮನೆ ಕೂತು ಕೇಳಿರಬೇಕು! ನಾವು ನಿಘಂಟು ಬರೆಯಬೇಕಾಗಿಲ್ಲ. ಆದರೆ ನೆರೆಯವನ ಮಾತನ್ನು ಕೇಳದೆ ನಮ್ಮ ಮಾತನ್ನು ಮಾತ್ರ ಹೇಳಬೇಕೆಂಬ ಆತುರವಿದ್ದರೆ, ಅವನಿಗೆ ತಲಪುವ ಶಬ್ದ ನಮ್ಮ ಬಾಯಿಗೆ ಬರುವದಿಲ್ಲ. ಪುಸ್ತಕದಿಂದ ಬಾಯಿಪಾಠ ಮಾಡಿದ ವಾಕ್ಯವನ್ನು ಕಟ್ಟೆಯ ಮೇಲೆ ಒಪ್ಪಿಸುವವನಿಗೆ ಭಯವಾಗುವದು ಸಹಜ, ನಡುವೆ ಒಂದು ಶಬ್ದ ಮರೆತರೆ ಅವನ ಕೈಯಲ್ಲಿ ಏನೂ ಉಳಿಯುವದಿಲ್ಲ. ತನ್ನ ಮನೆಯ ಮಾತಿನಲ್ಲಿ ತನ್ನ ಮನೆಯ ಸಂಗತಿಯನ್ನು ಹೇಳುವವನು ಮರೆಯುವದೇನು? ನಮ್ಮ ಗದಗ ಸೀಮೆಯ ಆಡುಮಾತು ಸುವಾರ್ತೆಗೆ ಸಾಲದೆಂದು ಕೆಲವರಿಗೆ ಒಂದು ಭ್ರಮೆಯಿದೆ. ಗಲಿಲಾಯದವರಿಗೂ ಅವರ ಆಡುಮಾತಿನ ಗುರುತು ಇತ್ತು. ಪೇತ್ರನನ್ನು ಅಂಗಳದಲ್ಲಿ ಹಿಡಿದುಕೊಟ್ಟದ್ದು ಅದೇ, ಪಂಚಾಶತ್ತಮದ ದಿನದಲ್ಲಿ ಅದೇ ನಾಲಿಗೆಯೇ ಸಾಕ್ಷಿ ಹೇಳಿತು.

ಇನ್ನು ಸಾಕ್ಷಿಗೆ ತಗಲುವ ಬೆಲೆಯ ವಿಷಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು ಮೋಗ್ಲಿಂಗ್ ಅಯ್ಯನವರ ಶಾಲೆಯಲ್ಲಿ ಕಲಿತವರು. 1844ರ ಜನವರಿ 6ರಂದು ಇಬ್ಬರು ಸಂಗಡಿಗರೊಂದಿಗೆ ದೀಕ್ಷಾಸ್ನಾನ ಹೊಂದಿದರು, ಊರಲ್ಲಿ ದೊಡ್ಡ ಕಳವಳವೆದ್ದಿತು. ಮುಂದೆ ಅವರು ಬಾಸೆಲಿನಲ್ಲಿ ಕಲಿತು 1851ರಲ್ಲಿ ಬೋಧಕ ಅಭಿಷೇಕವನ್ನು ಹೊಂದಿ, ತಿರುಗಿ ಬಂದು ಮಂಗಳೂರಿನ ಸೆಮಿನರಿಯಲ್ಲಿ ಉಪದೇಶಿಗಳನ್ನು ತಯಾರು ಮಾಡಿದರು. ನಮ್ಮ ಕೂಟಗಳಲ್ಲಿ ಈ ಚರಿತ್ರೆಯನ್ನು ಜಯದ ಕಥೆಯಾಗಿ ಮಾತ್ರ ಹೇಳುವದುಂಟು. ಒಂದು ಮನೆಯು ಮಗನನ್ನು ಕಳಕೊಂಡೆನೆಂದು ಅತ್ತದ್ದೂ ಅದೇ ಕಥೆಯ ಭಾಗ. ಆ ಕಣ್ಣೀರನ್ನು ಹಗುರವಾಗಿ ಎಣಿಸುವವನು ಧೈರ್ಯವಂತನಲ್ಲ, ಕಠಿಣನು. ವಿಶ್ವಾಸಿಯು ತನ್ನ ತಂದೆತಾಯಿಗಳನ್ನೂ ಅಣ್ಣತಮ್ಮಂದಿರನ್ನೂ ಮೊದಲಿಗಿಂತ ಹೆಚ್ಚಾಗಿ ಪ್ರೀತಿಸಿ ಅವರ ಮುಪ್ಪಿನಲ್ಲಿಯೂ ಬೇನೆಯಲ್ಲಿಯೂ ನಿಲ್ಲಬೇಕು. ಅವನ ನಂಬಿಕೆಯಲ್ಲಿ ದ್ವೇಷವಿಲ್ಲವೆಂಬದನ್ನು ಅವರು ಕಣ್ಣಾರೆ ನೋಡಲಿ.

ಈಗಿನ ದಿನಗಳಲ್ಲಿ ಇನ್ನೊಂದು ಅಂಜಿಕೆ ಸೇರಿದೆ. ಮತದ ವಿಷಯವನ್ನು ಮಾತಾಡುವದೇ ಅಪರಾಧವೋ ಎಂದು ಕೆಲವರು ಕೇಳುತ್ತಾರೆ. ಅಲ್ಲ. 1950ರ ಜನವರಿ 26ರಿಂದ ನಡೆಯುತ್ತಿರುವ ನಮ್ಮ ಸಂವಿಧಾನದ 25ನೆಯ ವಿಧಿಯು ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನೂ ತನ್ನ ಧರ್ಮವನ್ನು ಒಪ್ಪಿ ಆಚರಿಸಿ ಪ್ರಚಾರ ಮಾಡುವ ಹಕ್ಕನ್ನೂ ಎಲ್ಲರಿಗೂ ಸಮನಾಗಿ ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳಿಗೆ ಕೇಡಾಗಬಾರದು. ಪ್ರಚಾರದ ಹಕ್ಕೆಂದರೆ ತನ್ನ ಧರ್ಮದ ತತ್ವಗಳನ್ನು ತಿಳಿಸುವ ಹಕ್ಕೇ ಹೊರತು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಪು ಹೇಳಿತು. ನಮ್ಮ ರಾಜ್ಯದಲ್ಲಿ 2022ರಲ್ಲಿ ಬಲಾತ್ಕಾರ, ಮೋಸ, ಆಮಿಷ ಮುಂತಾದವುಗಳಿಂದ ಮಾಡುವ ಮತಾಂತರದ ವಿರುದ್ಧ ಒಂದು ಕಾಯಿದೆ ಬಂತು. ಅದನ್ನು ಹಿಂತೆಗೆಯಬೇಕೆಂದು 2023ರ ಜೂನ್ ತಿಂಗಳಲ್ಲಿ ಮಂತ್ರಿಮಂಡಲವು ತೀರ್ಮಾನಿಸಿತು. ದೀಕ್ಷಾಸ್ನಾನ ಮುಂತಾದ ಕ್ರಮಗಳ ವಿಷಯದಲ್ಲಿ ಸಭೆಯ ಹಿರಿಯರು ತಿಳಿದ ವಕೀಲರನ್ನು ಕೇಳಿಯೇ ನಡೆಯಬೇಕು, ಗುಟ್ಟಾಗಿ ಯಾವದನ್ನೂ ಮಾಡಕೂಡದು.

ಕಾಯಿದೆ ಇರಲಿ ಬಿಡಲಿ, ಆಮಿಷವನ್ನು ಮೊದಲು ನಿಷೇಧಿಸಬೇಕಾದವರು ನಾವೇ. ಬೆಟಗೇರಿಯಲ್ಲಿ ಹಳಬರು ಜರ್ಮನ್ ದವಾಖಾನೆಯೆಂದು ಕರೆಯುವ ಮಿಶನ್ ಆಸ್ಪತ್ರೆಯನ್ನು ಗದಗ ಸೀಮೆಯಲ್ಲಿ ಅರಿಯದವರು ಯಾರು? ಔಷಧವು ರೋಗಿಗೆ ಸಲ್ಲಬೇಕಾದದ್ದು, ನಂಬಿದವನಿಗೆ ಕೊಡುವ ಬಹುಮಾನವಲ್ಲ. ಮೈ ಬಿದ್ದವನ ಮಂಚದ ಬಳಿಯಲ್ಲಿ, ನೀನು ಇದನ್ನು ಒಪ್ಪಿದರೆ ಗುಣವಾಗುತ್ತೀ ಎಂದು ಹೇಳುವವನು ಕರ್ತನ ಹೆಸರನ್ನು ಸಂತೆಗೆ ಇಟ್ಟ ಹಾಗಾಯಿತು. ಕರ್ತನು ಕುರುಡನ ಕಣ್ಣನ್ನು ತೆರೆದಾಗ ಮುಂಚೆ ಯಾವ ಒಪ್ಪಿಗೆಯನ್ನೂ ಕೇಳಲಿಲ್ಲ. ನಂಬುತ್ತೀಯೋ ಎಂಬ ಪ್ರಶ್ನೆ ಬಂದದ್ದು ಅವನು ಸಂಪೂರ್ಣ ಗುಣವಾಗಿ, ವಾದದಲ್ಲಿ ನಿಂತು, ಹೊರಗೆ ಹಾಕಲ್ಪಟ್ಟ ಮೇಲೆ. ಆದದರಿಂದ ಯಾರಾದರೂ ನಿಮಗೆಷ್ಟು ಕೊಟ್ಟರು ಎಂದು ಹಾಸ್ಯಮಾಡಿದರೆ ಕೋಪಿಸಿಕೊಳ್ಳಬೇಡಿರಿ. ಏನೂ ಕೊಡದೆ ತಕ್ಕೊಳ್ಳದೆ ಮಾತಾಡುವವನಿಗೆ ಮುಚ್ಚಿಡುವದೇನೂ ಇರುವದಿಲ್ಲ, ಅವನ ನಾಲಿಗೆ ತಡೆಯುವದೂ ಇಲ್ಲ.

ಪರರ ದೇವರನ್ನೂ ಗುರುವನ್ನೂ ನಿಂದಿಸುವದನ್ನು ಕೆಲವರು ಧೈರ್ಯವೆಂದು ತಿಳಿಯುತ್ತಾರೆ. ಇದು ನಮಗೆ ಸರಿಬೀಳುವದಿಲ್ಲ. ಪೇತ್ರನು ತನ್ನ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಉತ್ತರ ಹೇಳುವದಕ್ಕೆ ಯಾವಾಗಲೂ ಸಿದ್ಧರಾಗಿರಬೇಕೆಂದು ಬೋಧಿಸುವಾಗ ಸಾತ್ವಿಕತ್ವವನ್ನೂ ಭಯಭಕ್ತಿಯನ್ನೂ ಜತೆಯಲ್ಲಿಯೇ ಕಟ್ಟಿದ್ದಾನೆ. ಅಲ್ಲದೆ ಅವನು ಹೇಳುವದು ಕೇಳುವವರಿಗೆ ಉತ್ತರ ಕೊಡುವ ಮಾತು. ನಡತೆಯನ್ನು ನೋಡಿ ನೆರೆಯವನು ಕೇಳುವ ಹಾಗಾಗಬೇಕು. ನಡೆ ನುಡಿಗಳು ಒಂದಾಗಬೇಕೆಂಬದು ಶರಣರ ಕಾಲದಿಂದ ಈ ನಾಡಿನ ಜನರ ಅಳತೆಗೋಲು, ಅದೇ ಕೋಲಿನಿಂದ ನಮ್ಮನ್ನೂ ಅಳೆಯುತ್ತಾರೆ. ಸಭೆಯೊಳಗೆ ಎರಡು ಮನೆಗಳು ವರುಷಗಟ್ಟಲೆ ಮಾತಾಡದೆ ಇರುವದನ್ನು ಇಡೀ ಊರು ಬಲ್ಲದು. ಅಂಥ ಊರಲ್ಲಿ ಸಮಾಧಾನದ ಸುವಾರ್ತೆಯನ್ನು ಹೇಳುವದಕ್ಕೆ ಬಾಯಿ ಬಾರದಿದ್ದರೆ ಕಾರಣವನ್ನು ದೂರ ಹುಡುಕುವದು ಬೇಡ. ಮೊದಲು ಆ ಎರಡು ಮನೆಗಳ ನಡುವಿನ ಬಾಗಿಲು ತೆರೆಯಲಿ. ಧೈರ್ಯಕ್ಕಾಗಿ ಮಾಡುವ ನಮ್ಮ ಅನೇಕ ಪ್ರಾರ್ಥನೆಗಳಿಗೆ ಉತ್ತರವು ಇಲ್ಲಿಯೇ ನಿಂತಿರುತ್ತದೆ.

ಪ್ರಾರ್ಥನೆಯ ವಿಷಯದಲ್ಲಿ ಒಂದು ಮಾತು. ಅಪೊಸ್ತಲರ ಕೃತ್ಯಗಳ 4ನೆಯ ಅಧ್ಯಾಯದಲ್ಲಿ, ಪೇತ್ರ ಯೋಹಾನರು ಓದುಬರಹವಿಲ್ಲದ ಸಾಮಾನ್ಯರೆಂದು ತಿಳಿದು ಅಧಿಕಾರಿಗಳು ಆಶ್ಚರ್ಯಪಟ್ಟರು, ಅವರು ಯೇಸುವಿನ ಸಂಗಡ ಇದ್ದವರೆಂಬ ಗುರುತನ್ನೂ ಹಿಡಿದರು. ಬಿಡುಗಡೆಯಾಗಿ ತಮ್ಮವರ ಬಳಿಗೆ ಬಂದಾಗ ಇವರು ಏನು ಬೇಡಿದರು? ಬೆದರಿಕೆ ನಿಂತುಹೋಗಲೆಂದು ಬೇಡಲಿಲ್ಲ. ಬೆದರಿಕೆಯನ್ನು ದೇವರ ಮುಂದಿಟ್ಟು, ಅದರ ನಡುವೆಯೇ ಮಾತಾಡುವ ಧೈರ್ಯವನ್ನು ಬೇಡಿದರು. ಭಯವಿಲ್ಲದವರು ಧೈರ್ಯವನ್ನು ಬೇಡುವರೋ? ಅಪೊಸ್ತಲರಿಗೂ ಎದೆ ನಡುಗಿತ್ತೆಂಬದಕ್ಕೆ ಆ ಪ್ರಾರ್ಥನೆಯೇ ಸಾಕ್ಷಿ. ಒಬ್ಬೊಬ್ಬರಾಗಿ ಅಲ್ಲ, ತಮ್ಮವರೊಂದಿಗೆ ಕೂಡಿ ಬೇಡಿದರೆಂಬದೂ ಗಮನಿಸತಕ್ಕದ್ದು. ಕರ್ತನು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ್ದು ಹಳ್ಳಿಯ ಜನರಿಗೆ ಒಳ್ಳೇ ಬುದ್ಧಿ. ಬೇನೆಬಿದ್ದ ನೆರೆಯವರನ್ನು ನೋಡಹೋಗುವಾಗ ಒಬ್ಬಳು ಮಾತಿನವಳಾದರೆ ಇನ್ನೊಬ್ಬಳು ಸುಮ್ಮನೆ ನೀರು ಕಾಯಿಸಿ ಕೊಡಲಿ. ಮಾತಿಲ್ಲದವಳ ಸಾಕ್ಷಿ ಕಡಿಮೆಯದ್ದೆಂದು ಯಾರೂ ತಿಳಿಯಬಾರದು.

ಮತ್ತು ಕೇಳಿದವನು ಬೇಡವೆಂದರೆ? ಗೆರಸೇನರ ಸೀಮೆಯವರು ಕರ್ತನನ್ನೇ ತಮ್ಮ ಮೇರೆಯನ್ನು ಬಿಟ್ಟು ಹೋಗೆಂದು ಬೇಡಿಕೊಂಡರು (ಮಾರ್ಕ 5). ಆತನು ವಾದಿಸದೆ ದೋಣಿ ಹತ್ತಿದನು. ದೆವ್ವ ಬಿಟ್ಟವನು ತಾನೂ ಸಂಗಡ ಬರುವೆನೆಂದಾಗ ಮಾತ್ರ ಆತನು ಒಪ್ಪದೆ, ಮನೆಗೆ, ತನ್ನವರ ಬಳಿಗೆ ಹೋಗಿ ತನಗಾದದ್ದನ್ನು ಹೇಳೆಂದು ಕಳುಹಿಸಿದನು. ದೋಣಿಯಲ್ಲಿ ಹೋಗುವದು ಆ ಮನುಷ್ಯನಿಗೆ ಸುಲಭವಾಗಿತ್ತು. ಸಮಾಧಿಗಳ ನಡುವೆ ತನ್ನನ್ನು ಸರಪಣಿಯಲ್ಲಿ ಕಂಡ ಜನರ ಬಳಿಗೆ ತಿರುಗಿ ಹೋಗುವದು ಕಷ್ಟ. ಅವನು ಹೋದನು. ನೆರೆಯವನು ಬೇಡವೆಂದ ದಿನವೂ ಅವನ ಎತ್ತು ಕಳೆದರೆ ಹುಡುಕುವದಕ್ಕೆ ಸಂಗಡ ಹೊರಡಿರಿ. ಮತ್ತೆ ಮಾತೆತ್ತುವದು ಅವನ ಇಷ್ಟ.

ಕೂಟಗಳಲ್ಲಿ ಈ ಪಾಠವನ್ನು ನಡಿಸುವವರಿಗೆ: ಯೋಹಾನ 9ನೆಯ ಅಧ್ಯಾಯವನ್ನು ಒಬ್ಬರೇ ಓದಿ ಮುಗಿಸಬೇಡಿರಿ. ಕುರುಡನಾಗಿದ್ದವನ ಮಾತುಗಳನ್ನು ಒಬ್ಬರು, ನೆರೆಯವರ ಮಾತುಗಳನ್ನು ಇಬ್ಬರು, ಫರಿಸಾಯರ ಮಾತುಗಳನ್ನು ಒಬ್ಬರು, ತಂದೆತಾಯಿಗಳ ಮಾತುಗಳನ್ನು ಒಬ್ಬ ಗಂಡಸು ಒಬ್ಬ ಹೆಂಗಸು ಓದಲಿ. ಅಕ್ಷರ ಬಾರದವರು ಕೇಳಿ ತಮ್ಮ ಮಾತಿನಲ್ಲಿ ಹೇಳಲಿ. ಆಮೇಲೆ ತಂದೆತಾಯಿಗಳ ಭಾಗವನ್ನು ಓದಿದ ಇಬ್ಬರನ್ನು, ಆ ರಾತ್ರಿ ಮನೆಯಲ್ಲಿ ಮಗನ ಸಂಗಡ ಅವರು ಏನು ಮಾತಾಡಿರಬಹುದೆಂದು ಕೇಳಿರಿ. ಉತ್ತರಕ್ಕೆ ಅವಸರ ಮಾಡದೆ ಸ್ವಲ್ಪ ಹೊತ್ತು ಕಾಯಿರಿ.